ಆಟದೊಳಗೆ ಸ್ಕ್ರಿಪ್ಟ್ ಓಡಿಸುವ ಎಐ ಏಜೆಂಟ್

ನಡೆಯುತ್ತಿರುವ ಕಂಪ್ಯೂಟರ್ ಆಟದೊಳಕ್ಕೆ ಎಐ ಏಜೆಂಟ್ ಒಂದು ಸ್ಕ್ರಿಪ್ಟ್ ಫೈಲನ್ನು ಕಳಿಸಿ, ಅಲ್ಲೇ ಓಡಿಸಿ, ಏನಾಯಿತೆಂಬ ವರದಿಯನ್ನು ಮರಳಿ ಪಡೆಯಲು ಬಳಸುವ ಸಾಧನಗಳು ಈ ಲೇಖನದ ವಿಷಯ. ಏಜೆಂಟ್ ಎಂದರೆ ಜಿಪಿಟಿ, ಕ್ಲಾಡ್, ಜೆಮಿನಿಯಂಥ ಭಾಷಾ ಮಾದರಿಯ ಬಲದಿಂದ, ಒಪ್ಪಿಸಿದ ಕೆಲಸವನ್ನು ಹಂತಹಂತವಾಗಿ ತಾನೇ ಮಾಡಿಕೊಂಡು ಹೋಗುವ ಪ್ರೋಗ್ರಾಂ. ಸ್ಕ್ರಿಪ್ಟ್ ಎಂದರೆ ಲುವಾ, ಪೈಥಾನ್, ಜಾವಾಸ್ಕ್ರಿಪ್ಟ್ ಮುಂತಾದ ಭಾಷೆಗಳಲ್ಲಿ ಬರೆದ, ಆಟದ ಎಂಜಿನ್ನನ್ನು ಹೊಸದಾಗಿ ಕಟ್ಟದೆಯೇ ಓಡಿಸಬಹುದಾದ ಸೂಚನೆಗಳ ಪಟ್ಟಿ. ಏಜೆಂಟ್ ಮತ್ತು ಎಂಜಿನ್ ಇವೆರಡರ ನಡುವೆ ಕೂತು ಫೈಲನ್ನು ಆ ಕಡೆಗೂ ಉತ್ತರವನ್ನು ಈ ಕಡೆಗೂ ದಾಟಿಸುವ ಸಣ್ಣ ಪ್ರೋಗ್ರಾಮೇ ಇಲ್ಲಿ ಹೇಳುತ್ತಿರುವ ಸಾಧನ.

ಆಟ ಆಡಲು ಏಜೆಂಟ್‌ಗೆ ಇದೊಂದೇ ದಾರಿಯಲ್ಲ. ಪರದೆಯ ಚಿತ್ರ ನೋಡಿ ಬಟನ್ ಒತ್ತುವ ದಾರಿಯೂ ಇದೆ. 2025ರ ಫೆಬ್ರುವರಿಯಲ್ಲಿ ಆಂಥ್ರೊಪಿಕ್ ಕಂಪನಿ ತನ್ನ ಕ್ಲಾಡ್ ಮಾದರಿಯಿಂದ ಪೋಕೆಮಾನ್ ರೆಡ್ ಆಡಿಸಿದ್ದು ಹೀಗೆ. ಡೀಪ್‌ಮೈಂಡ್ 2024ರಲ್ಲಿ ಪ್ರಕಟಿಸಿದ ಸಿಮಾ ಕೂಡ ಕೀಬೋರ್ಡು, ಮೌಸುಗಳನ್ನೇ ನಂಬಿತ್ತು. ಆ ದಾರಿಯಲ್ಲಿ ಒಂದು ಗೋಡೆ ಕಟ್ಟಲು ನೂರಾರು ಸಲ ಬಟನ್ ಒತ್ತಬೇಕು. ಸ್ಕ್ರಿಪ್ಟ್‌ನಲ್ಲಾದರೆ ನಾಲ್ಕು ಸಾಲಿನ ಒಂದು ಲೂಪ್ ಸಾಕು. ಬರೆದದ್ದನ್ನು ಉಳಿಸಿಟ್ಟುಕೊಂಡು ನಾಳೆ ಮತ್ತೆ ಓಡಿಸಲೂಬಹುದು.

ಹಿನ್ನೆಲೆ

ಆಟದೊಳಗೆ ಪ್ರೋಗ್ರಾಂ ಓಡಿಸುವ ಹವ್ಯಾಸ ಎಐ ಏಜೆಂಟ್‌ಗಳಿಗಿಂತ ನಾಲ್ಕು ದಶಕ ಹಳೆಯದು. 1981ರ ರೋಬಾಟ್‌ವಾರ್ ಆಟದಲ್ಲಿ ಆಟಗಾರರು ಆಪಲ್ 2 ಯಂತ್ರದ ಮೇಲೆ ತಮ್ಮ ರೋಬಾಟಿಗೆ ಪ್ರೋಗ್ರಾಂ ಬರೆದುಕೊಟ್ಟು ಸುಮ್ಮನೆ ನೋಡುತ್ತ ಕೂರಬೇಕಿತ್ತು. 1984ರಲ್ಲಿ ಎ. ಕೆ. ಡ್ಯೂಡ್ನಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಪರಿಚಯಿಸಿದ ಕೋರ್ ವಾರ್‌ನಲ್ಲಂತೂ ಎರಡು ಪ್ರೋಗ್ರಾಂಗಳು ಒಂದೇ ಮೆಮೊರಿಯಲ್ಲಿ ಪರಸ್ಪರ ಕಾದಾಡುವುದೇ ಆಟ. 1996ರ ಕ್ವೇಕ್‌ನಲ್ಲಿ ಕ್ವೇಕ್‌ಸಿ ಎಂಬ ಭಾಷೆಯನ್ನು ಆಟಗಾರರ ಕೈಗೇ ಕೊಟ್ಟರು. ಅದೇ ವರ್ಷ ಸ್ಟೀವನ್ ಪೋಲ್ಗೆ ಅದರಲ್ಲಿ ರೀಪರ್ ಬಾಟ್ ಬರೆದು ಮನುಷ್ಯರಿಗೆ ಎದುರಾಳಿಯಾಗಿ ನಿಲ್ಲಿಸಿದರು.

ಆಟಗಳ ಜಗತ್ತಿನಲ್ಲಿ ಹೆಚ್ಚು ಬೇರು ಬಿಟ್ಟ ಸ್ಕ್ರಿಪ್ಟ್ ಭಾಷೆ ಲುವಾ. ಬ್ರೆಜಿಲ್‌ನ ರಿಯೊ ಡಿ ಜನೈರೊದ ಪೊಂಟಿಫಿಕಲ್ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಹುಟ್ಟಿದ ಈ ಭಾಷೆ ಗಾತ್ರದಲ್ಲಿ ಚಿಕ್ಕದು, ಇನ್ನೊಂದು ಪ್ರೋಗ್ರಾಮಿನ ಹೊಟ್ಟೆಯೊಳಗೆ ಸುಲಭವಾಗಿ ಸೇರಿಕೊಳ್ಳುತ್ತದೆ. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ತನ್ನ ಪರದೆಯ ಜೋಡಣೆಯನ್ನು ಲುವಾಗೆ ಬಿಟ್ಟಿತು. ಆಟಗಳ ವೇದಿಕೆಯಾದ ರಾಬ್ಲಾಕ್ಸ್, ಲುವಾದಿಂದಲೇ ಕವಲೊಡೆದ ಲುವಾವು ಎಂಬ ಭಾಷೆಯನ್ನು ಬೆಳೆಸಿ 2021ರಲ್ಲಿ ಮುಕ್ತ ಆಕರವಾಗಿ ಬಿಡುಗಡೆ ಮಾಡಿತು. 2019ರ ಏಪ್ರಿಲ್‌ನಲ್ಲಿ ಡೋಟಾ 2 ಆಟದ ವಿಶ್ವ ಚಾಂಪಿಯನ್ ತಂಡ ಓಜಿಯನ್ನು ಸೋಲಿಸಿದ ಓಪನ್‌ಎಐ ಫೈವ್ ಕೂಡ ಆಟವನ್ನು ಮುಟ್ಟುತ್ತಿದ್ದದ್ದು, ಬಾಟ್ ಬರೆಯುವವರಿಗೆಂದು ವಾಲ್ವ್ ಕಂಪನಿ ಮೊದಲೇ ತೆರೆದಿಟ್ಟಿದ್ದ ಸ್ಕ್ರಿಪ್ಟ್ ಬಾಗಿಲಿನ ಮೂಲಕವೇ. ಆದರೆ ಫೈವ್ ತಾನಾಗಿ ಒಂದು ಸಾಲು ಸ್ಕ್ರಿಪ್ಟ್ ಬರೆದದ್ದಿಲ್ಲ. ಮನುಷ್ಯರು ಬರೆದಿಟ್ಟ ಕೊಳವೆಯೊಳಗೆ ಅದು ಅಂಕಿಗಳನ್ನು ಹರಿಸುತ್ತಿತ್ತು, ಅಷ್ಟೆ. ಸ್ಕ್ರಿಪ್ಟನ್ನು ಏಜೆಂಟೇ ಬರೆದು ಏಜೆಂಟೇ ತಿದ್ದುವುದಕ್ಕೆ ದೊಡ್ಡ ಭಾಷಾ ಮಾದರಿಗಳು ಬರಬೇಕಾಯಿತು.

ವಾಯೇಜರ್

ಈ ಬಗೆಯ ಕೆಲಸದಲ್ಲಿ ಇಂದಿಗೂ ಮೊದಲು ನೆನಪಾಗುವುದು 2023ರ ಮೇ ತಿಂಗಳಲ್ಲಿ ಪ್ರಕಟವಾದ ವಾಯೇಜರ್. ಎನ್ವಿಡಿಯಾ, ಕ್ಯಾಲ್ಟೆಕ್, ಸ್ಟ್ಯಾನ್‌ಫರ್ಡ್ ಮುಂತಾದ ಕಡೆಯವರು ಸೇರಿ ಮಾಡಿದ ಈ ಸಂಶೋಧನೆಯ ಮೊದಲ ಲೇಖಕ ಗ್ವಾನ್‌ಝಿ ವಾಂಗ್. ಹಿರಿಯರ ಸಾಲಿನಲ್ಲಿ ಜಿಮ್ ಫ್ಯಾನ್ ಮತ್ತು ಅನಿಮಾ ಆನಂದ್‌ಕುಮಾರ್ ಇದ್ದಾರೆ. ಕ್ಯಾಲ್ಟೆಕ್‌ನಲ್ಲಿ ಪ್ರಾಧ್ಯಾಪಕಿಯಾಗಿರುವ ಅನಿಮಾ ಹುಟ್ಟಿದ್ದು ಮೈಸೂರಿನಲ್ಲಿ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳ ವಂಶದವರು. ಹಳೆಯ ಗ್ರಂಥಾಲಯದಲ್ಲಿ ಕಟ್ಟು ಬಿಚ್ಚಿದವರ ಮನೆತನದಿಂದ ಬಂದವರು, ಯಂತ್ರವೇ ತನಗಾಗಿ ಸ್ಕ್ರಿಪ್ಟ್‌ಗಳ ಒಂದು ಗ್ರಂಥಾಲಯ ಕಟ್ಟಿಕೊಳ್ಳುವ ಕೆಲಸಕ್ಕೆ ಕೈ ಹಾಕಿದ್ದು ಕಾಕತಾಳೀಯವೇ ಇರಬಹುದು. ಹೇಳದೆ ಬಿಡಲು ಮನಸ್ಸಾಗದು.

ವಾಯೇಜರ್ ನಡೆಯುವುದು ಮೈನ್‌ಕ್ರಾಫ್ಟ್ ಆಟದಲ್ಲಿ. ಮರ ಕಡಿದು ಹಲಗೆ ಮಾಡಿ, ಹಲಗೆಯಿಂದ ಮೇಜು, ಮೇಜಿನ ಮೇಲೆ ಗುದ್ದಲಿ, ಗುದ್ದಲಿಯಿಂದ ಕಲ್ಲು, ಕಬ್ಬಿಣ, ವಜ್ರ ಹೀಗೆ ಮೇಲೇರಬೇಕಾದ ಲೋಕ ಅದು. ಏಜೆಂಟಿನ ಹಿಂದೆ ಜಿಪಿಟಿ-4 ಇದೆ. ಅದು ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಫಂಕ್ಷನ್ ಬರೆಯುತ್ತದೆ. ಮೈನ್‌ಫ್ಲೇಯರ್ ಎಂಬ ಮುಕ್ತ ಲೈಬ್ರರಿ ಆ ಫಂಕ್ಷನ್ನನ್ನು ಆಟದ ಪಾತ್ರದ ಓಡಾಟವಾಗಿ ಮಾರ್ಪಡಿಸುತ್ತದೆ. ಮಾದರಿ ಯೋಚಿಸುವಷ್ಟು ಹೊತ್ತು ಆಟವನ್ನು ನಿಲ್ಲಿಸಿ ಇಟ್ಟಿರುತ್ತಾರೆ.

ಒಳಗಿನ ಏರ್ಪಾಡು ಮೂರು ಭಾಗದ್ದು. ಮುಂದೆ ಯಾವ ಕೆಲಸ ಎತ್ತಿಕೊಳ್ಳಬೇಕೆಂದು ಸೂಚಿಸುವ ಪಠ್ಯಕ್ರಮ ಒಂದು. ಯಶಸ್ವಿಯಾದ ಸ್ಕ್ರಿಪ್ಟ್‌ಗಳನ್ನು ಅವುಗಳ ವಿವರಣೆಯ ಜೊತೆ ಕೂಡಿಡುವ ಕೌಶಲ ಭಂಡಾರ ಇನ್ನೊಂದು. ಹೊಸ ಕೆಲಸ ಬಂದಾಗ ಹೋಲುವ ಹಳೆಯ ಸ್ಕ್ರಿಪ್ಟ್‌ಗಳನ್ನು ಇದರಿಂದ ಹುಡುಕಿ ತೆಗೆಯುತ್ತಾರೆ. ಮೂರನೆಯದು ತಿದ್ದುವ ಸುತ್ತು. ಬರೆದ ಸ್ಕ್ರಿಪ್ಟನ್ನು ಓಡಿಸಿ ನೋಡಿ, ಆಟ ಹೇಳಿದ್ದನ್ನೂ ಎರರ್ ಸಂದೇಶವನ್ನೂ ಮತ್ತೆ ಮಾದರಿಗೆ ಕೊಟ್ಟು ಹೊಸದಾಗಿ ಬರೆಸುವುದು. ನಾಲ್ಕು ಸುತ್ತಾದರೂ ಆಗದಿದ್ದರೆ ಆ ಕೆಲಸ ಬಿಟ್ಟು ಬೇರೆಯದಕ್ಕೆ ಹೋಗುವುದು.

ಈ ಮೂರನೆಯದರಲ್ಲೇ ಸಾಧನದ ಜೀವ ಇದೆ. ಸಂಶೋಧಕರು ಕೊಟ್ಟ ಒಂದು ಉದಾಹರಣೆ ನೋಡಿ. ಏಜೆಂಟ್ ಜಾಲಿಯ ಜಾತಿಯ ಅಕೇಶಿಯಾ ಮರ ಕಡಿದಿತ್ತು, ಕೊಡಲಿ ಮಾಡಬೇಕು. ಅಕೇಶಿಯಾ ಕೊಡಲಿ ಎಂದು ಬರೆದು ಓಡಿಸಿತು. ಆ ಹೆಸರಿನ ವಸ್ತುವೇ ಇಲ್ಲ ಎಂಬ ಎರರ್ ಬಂತು. ಮೈನ್‌ಕ್ರಾಫ್ಟ್‌ನಲ್ಲಿ ಮರ ಯಾವುದಾದರೂ ಕೊಡಲಿಯ ಹೆಸರು ಮರದ ಕೊಡಲಿ ಎಂದಷ್ಟೆ. ಮುಂದಿನ ಸುತ್ತಿನಲ್ಲಿ ಏಜೆಂಟ್ ಹಾಗೇ ತಿದ್ದಿಕೊಂಡಿತು. ಇನ್ನೊಂದು ಕಡೆ ಕೋಲು ಮಾಡಲು ಎರಡು ಹಲಗೆ ಕಡಿಮೆ ಎಂದು ಆಟ ಹೇಳಿತು, ಏಜೆಂಟ್ ಹೋಗಿ ಹಲಗೆ ತಂದಿತು. ಎರಡೂ ಸಲ ಸುಮ್ಮನೆ ‘ಆಗಲಿಲ್ಲ’ ಎಂದು ಬಂದಿದ್ದರೆ ಮಾದರಿ ಎಷ್ಟು ಜಾಣವಾಗಿದ್ದರೂ ಕತ್ತಲಲ್ಲಿ ತಡಕಾಡಬೇಕಿತ್ತು.

160 ಸುತ್ತುಗಳಲ್ಲಿ ವಾಯೇಜರ್ 63 ಬಗೆಯ ವಸ್ತುಗಳನ್ನು ಕಂಡುಕೊಂಡಿತು. ಅದಕ್ಕೆ ಮೊದಲಿನ ವಿಧಾನಗಳಿಗಿಂತ ಇದು 3.3 ಪಟ್ಟು ಹೆಚ್ಚು. ಕೆಲಸ ಮುಗಿಯಿತೇ ಎಂದು ಪರೀಕ್ಷಿಸುವ ಭಾಗವನ್ನು ಕಿತ್ತುಹಾಕಿದಾಗ ಈ ಸಂಖ್ಯೆ ಶೇ 73ರಷ್ಟು ಕುಸಿಯಿತು. ಓಡಿಸುವುದಕ್ಕಿಂತ ಓಡಿದ್ದನ್ನು ಅಳೆಯುವುದು ದೊಡ್ಡದೆಂದು ಹೇಳಲು ಇದಕ್ಕಿಂತ ನೇರವಾದ ಅಂಕಿ ಸಿಗುವುದು ಕಷ್ಟ. ಕೊರತೆಗಳೂ ಇದ್ದವು. ಏಜೆಂಟ್‌ಗೆ ಕಣ್ಣಿರಲಿಲ್ಲ, ಪಠ್ಯ ಮಾತ್ರ. ಜಲ್ಲಿಗಲ್ಲನ್ನು ಒಲೆಗೆ ಇಂಧನವಾಗಿ ಹಾಕಲು ಹೋಗುತ್ತಿತ್ತು. ತಾಮ್ರದ ಕತ್ತಿ ಮಾಡು ಎಂದು ಪಠ್ಯಕ್ರಮ ಆಗಾಗ ಅಪ್ಪಣೆ ಕೊಡುತ್ತಿತ್ತು, ಆಗ ಆಟದಲ್ಲಿ ತಾಮ್ರದ ಕತ್ತಿಯೇ ಇರಲಿಲ್ಲ. ತಮಾಷೆಯೆಂದರೆ 2025ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ಆವೃತ್ತಿಯಲ್ಲಿ ಮೈನ್‌ಕ್ರಾಫ್ಟ್ ತಾಮ್ರದ ಆಯುಧಗಳನ್ನು ಸೇರಿಸಿತು.

ವರದಿ ಎಲ್ಲಿ ಕೂತಿರುತ್ತದೆ

2025ರ ಮಾರ್ಚ್‌ನಲ್ಲಿ ಬಂದ ಫ್ಯಾಕ್ಟೋರಿಯೊ ಲರ್ನಿಂಗ್ ಎನ್ವಿರಾನ್ಮೆಂಟ್ ಇದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋಯಿತು. ಗಣಿ, ಕುಲುಮೆ, ಬೆಲ್ಟುಗಳ ಕಾರ್ಖಾನೆ ಕಟ್ಟುವ ಫ್ಯಾಕ್ಟೋರಿಯೊ ಆಟಕ್ಕೆ ಏಜೆಂಟ್ ಪೈಥಾನ್ ಬರೆದು ಕಳಿಸುತ್ತದೆ. ಅದಕ್ಕೆ ಕಾಣುವುದು ತಾನೇ ಪ್ರಿಂಟ್ ಮಾಡಿಸಿದ್ದು ಮತ್ತು ಎರರ್ ಸಂದೇಶ, ಇವೆರಡೇ. ಕುಲುಮೆಯಲ್ಲಿ ಕಲ್ಲಿದ್ದಲು ಇದೆಯೇ ಎಂದು ಕೇಳಿ ಪ್ರಿಂಟ್ ಮಾಡಿಸದಿದ್ದರೆ, ಕುಲುಮೆ ಆರಿ ಎಷ್ಟು ಹೊತ್ತಾದರೂ ಏಜೆಂಟ್‌ಗೆ ತಿಳಿಯದು. ಇಂಥಲ್ಲಿ ಪ್ರಶ್ನೆ ಕೇಳುವ ಅಭ್ಯಾಸವೇ ಜಾಣತನ.

ಮೈನ್‌ಕ್ರಾಫ್ಟ್‌ಗೆ ತನ್ನದೇ ಆದ ಸ್ಕ್ರಿಪ್ಟ್ ಫೈಲ್ ಕೂಡ ಇದೆ. 2017ರ 1.12 ಆವೃತ್ತಿಯಲ್ಲಿ ಬಂದ ಎಂಸಿಫಂಕ್ಷನ್ ಫೈಲ್‌ನಲ್ಲಿ ಆಟದ ಆಜ್ಞೆಗಳನ್ನು ಸಾಲಿಗೊಂದರಂತೆ ಬರೆದಿಟ್ಟರೆ ಒಂದೇ ಮಾತಿಗೆ ಎಲ್ಲವೂ ಓಡುತ್ತವೆ. ಹೊರಗಿನ ಪ್ರೋಗ್ರಾಂ ಈ ಫೈಲನ್ನು ಓಡಿಸಲು ಆರ್‌ಕಾನ್ ಎಂಬ ದೂರ ನಿಯಂತ್ರಣ ಬಳಸುತ್ತದೆ. ಕೆಲಸಕ್ಕಿಳಿದವರು ಎಡವುವ ಜಾಗ ಒಂದಿದೆ. ಫೈಲಿನ ಯಾವುದೋ ಒಂದು ಸಾಲಿನಲ್ಲಿ ಕಾಗುಣಿತ ತಪ್ಪಿದರೆ ಇಡೀ ಫೈಲೇ ಲೋಡ್ ಆಗುವುದಿಲ್ಲ. ಆಗ ಆರ್‌ಕಾನ್ ಹೇಳುವುದು ಅಂಥ ಫಂಕ್ಷನ್ ಇಲ್ಲ ಎಂದಷ್ಟೇ. ಎಷ್ಟನೇ ಸಾಲು, ಏನು ತಪ್ಪು ಎಂಬುದು ಸರ್ವರಿನ ಲಾಗ್ ಫೈಲಿನಲ್ಲಿ ಹೋಗಿ ಕೂತಿರುತ್ತದೆ. ಲಾಗ್ ತೋರಿಸದ ಸಾಧನವನ್ನು ನಂಬಿದ ಏಜೆಂಟ್, ಫೈಲ್ ಕಳಿಸಿದ್ದೇ ತಪ್ಪಾಯಿತೇನೋ ಎಂದುಕೊಂಡು ಹೆಸರು ಬದಲಾಯಿಸಿ, ಫೋಲ್ಡರ್ ಬದಲಾಯಿಸಿ, ಸುಮ್ಮನೆ ಸುತ್ತುತ್ತದೆ. ಒಳ್ಳೆಯ ಸಾಧನ ಲಾಗಿನ ಕೊನೆಯ ಸಾಲುಗಳನ್ನೂ ಹೆಕ್ಕಿ ಉತ್ತರದ ಜೊತೆ ಸೇರಿಸುತ್ತದೆ.

ಎರರ್ ಇಲ್ಲದೆ ಕೆಡುವ ಕೆಲಸ ಇನ್ನೂ ಕಷ್ಟದ್ದು. ಮೊದಲು ಮೈನ್‌ಟೆಸ್ಟ್ ಎನಿಸಿಕೊಂಡು 2024ರಿಂದ ಲುವಾಂಟಿ ಎಂಬ ಹೆಸರು ಪಡೆದ ಎಂಜಿನ್ ಉಚಿತ, ಮುಕ್ತ ಆಕರದ್ದು, ಆಟಕ್ಕೆ ಹೊಸದನ್ನು ಸೇರಿಸುವ ಮಾಡ್‌ಗಳನ್ನೆಲ್ಲ ಲುವಾದಲ್ಲೇ ಬರೆಯಬೇಕು. ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ. ಅದರಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯ ಪ್ರಾಂಗಣ ಕಟ್ಟಬೇಕೆನ್ನಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಇಲ್ಲಿಯ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಡಬ್ಬಿಯ ಚೀಲಗಳನ್ನು ಇಪ್ಪತ್ತು ಸಾಲು ಒಟ್ಟು, ಆಮೇಲೆ ಕಡ್ಡಿಯದನ್ನು ಇಪ್ಪತ್ತು ಸಾಲು, ಸಾಲಿಗೊಂದು ಫಲಕ ನಿಲ್ಲಿಸು ಎಂದು ಏಜೆಂಟ್‌ಗೆ ಹೇಳಿದರೆ ಅದು ಎರಡು ಲೂಪ್‌ಗಳ ಸ್ಕ್ರಿಪ್ಟ್ ಬರೆದು ಓಡಿಸುತ್ತದೆ. ಎರರ್ ಇಲ್ಲ, ಮುಗಿಯಿತು ಎಂದು ವರದಿ. ಹೋಗಿ ನೋಡಿದರೆ ಹತ್ತಿರದ ಸಾಲುಗಳಿವೆ, ದೂರದವು ಮಾಯ. ಕಾರಣ, ಆಟಗಾರ ನಿಂತ ಜಾಗದಿಂದ ದೂರವಿರುವ ನಕ್ಷೆಯ ಭಾಗಗಳು ಮೆಮೊರಿಗೆ ಬಂದಿರುವುದಿಲ್ಲ. ಅಲ್ಲಿ ಏನಿದೆ ಎಂದು ಕೇಳಿದರೆ ಲುವಾಂಟಿ ‘ಇಗ್ನೋರ್’ ಎನ್ನುತ್ತದೆ. ಅಲ್ಲಿ ಇಡಹೋದ ಚೀಲ ಇಟ್ಟಂತಾಗುವುದಿಲ್ಲ, ದೂರೂ ಬರುವುದಿಲ್ಲ. ಮೊದಲು ಆ ಭಾಗವನ್ನು ಮೆಮೊರಿಗೆ ತರಿಸಿಕೊಂಡು ಆಮೇಲೆ ಚೀಲ ಇಡಬೇಕು. ಇದು ಏಜೆಂಟ್‌ಗೆ ತಿಳಿಯಬೇಕಾದರೆ ಸ್ಕ್ರಿಪ್ಟ್‌ನ ಕೊನೆಯಲ್ಲಿ, ಇಟ್ಟ ಚೀಲಗಳನ್ನು ಮತ್ತೊಮ್ಮೆ ಎಣಿಸಿ ಲೆಕ್ಕ ಒಪ್ಪಿಸುವ ಸಾಲೊಂದು ಇರಬೇಕು. ದಲಾಲಿ ಅಂಗಡಿಯಲ್ಲಿ ಚೀಲ ಇಳಿಸಿದ ಮೇಲೆ ಎಣಿಕೆ ಮಾಡದೆ ಯಾರೂ ಚೀಟಿ ಬರೆಯುವುದಿಲ್ಲವಲ್ಲ.

ಸಾಮಾನ್ಯ ಒಡಂಬಡಿಕೆ

ಮೊದಮೊದಲು ಪ್ರತಿ ಆಟಕ್ಕೂ ಪ್ರತಿ ಮಾದರಿಗೂ ಬೇರೆ ಬೇರೆ ಜೋಡಣೆ ಬರೆಯಬೇಕಿತ್ತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್, ಅಂದರೆ ಎಂಸಿಪಿ, ಈ ತಾಪತ್ರಯವನ್ನು ಬಹುಮಟ್ಟಿಗೆ ಕಳೆಯಿತು. ಇದರಂತೆ ಸಾಧನವು ತನ್ನ ಹೆಸರು, ತಾನು ಮಾಡುವ ಕೆಲಸ, ತನಗೆ ಬೇಕಾದ ಮಾಹಿತಿ ಇವನ್ನು ನಿಗದಿತ ನಮೂನೆಯಲ್ಲಿ ಏಜೆಂಟ್‌ಗೆ ಹೇಳಿಕೊಳ್ಳುತ್ತದೆ; ಏಜೆಂಟ್ ಅದೇ ನಮೂನೆಯಲ್ಲಿ ಕರೆಯುತ್ತದೆ; ಉತ್ತರದಲ್ಲಿ ಇದು ಎರರ್ ಹೌದೋ ಅಲ್ಲವೋ ಎಂದು ಗುರುತು ಹಾಕಲು ಪ್ರತ್ಯೇಕ ಜಾಗವಿದೆ. 2025ರಲ್ಲಿ ರಾಬ್ಲಾಕ್ಸ್ ತನ್ನ ಸ್ಟುಡಿಯೊಗಾಗಿ ಹೊರತಂದ ಎಂಸಿಪಿ ಸರ್ವರಿನಲ್ಲಿ ಮೊದಲು ಇದ್ದದ್ದು ಎರಡೇ ಉಪಕರಣ. ಒಂದು ಸಿದ್ಧ ಮಾದರಿಯನ್ನು ತಂದಿಡುವುದು, ಇನ್ನೊಂದು ಕೋಡ್ ಓಡಿಸುವುದು. ಎರಡನೆಯದೊಂದಿದ್ದರೆ ಉಳಿದದ್ದೆಲ್ಲ ಅದರಿಂದಲೇ ಹುಟ್ಟಿಕೊಳ್ಳುತ್ತದೆ. ಯೂನಿಟಿ, ಅನ್‌ರಿಯಲ್, ಗೊಡೊ ಎಂಜಿನ್‌ಗಳಿಗೂ ಆಸಕ್ತರು ಇಂಥ ಸರ್ವರುಗಳನ್ನು ಬರೆದಿದ್ದಾರೆ.

ಇಲ್ಲಿ ಒಂದು ಭಿನ್ನಾಭಿಪ್ರಾಯವಿದೆ. ಚೀಲ ಇಡು, ಫಲಕ ನಿಲ್ಲಿಸು, ಬಣ್ಣ ಬದಲಿಸು ಎಂದು ಒಂದೊಂದು ಕ್ರಿಯೆಗೂ ಬೇರೆ ಉಪಕರಣ ಕೊಡುವುದು ಒಂದು ಮತ. ಅದರಲ್ಲಿ ಅಪಾಯ ಕಡಿಮೆ. ಸ್ಕ್ರಿಪ್ಟ್ ಓಡಿಸುವ ಒಂದೇ ಉಪಕರಣ ಕೊಟ್ಟುಬಿಡಿ ಎಂಬುದು ಇನ್ನೊಂದು. 2024ರ ಕೋಡ್‌ಆಕ್ಟ್ ಸಂಶೋಧನೆ ಎರಡನೆಯದರ ಪರವಾಗಿದೆ: ನಿಗದಿತ ನಮೂನೆಯ ಕರೆಗಳ ಬದಲು ಕೋಡ್ ಬರೆಯಲು ಬಿಟ್ಟಾಗ ಏಜೆಂಟ್‌ಗಳ ಯಶಸ್ಸು ಶೇ 20ರವರೆಗೆ ಹೆಚ್ಚಿತು. ಆಟ ಕಟ್ಟುವ ಹಂತದಲ್ಲಿ ಎರಡನೆಯದೇ ಸರಿ ಎನಿಸುತ್ತದೆ. ಹತ್ತಾರು ಜನ ಒಟ್ಟಿಗೆ ಆಡುತ್ತಿರುವ ಸರ್ವರಿನಲ್ಲಿ ಮೊದಲನೆಯದೇ ಕ್ಷೇಮ.

ಲಗಾಮು

ಬೇರೆಯವರು ಬರೆದ ಫೈಲನ್ನು ನಮ್ಮ ಯಂತ್ರದಲ್ಲಿ ಓಡಿಸುವುದು ಯಾವತ್ತೂ ಅಪಾಯದ ಕೆಲಸ. 2021ರ ಡಿಸೆಂಬರ್‌ನಲ್ಲಿ ಇದು ಜಗತ್ತಿಗೇ ಗೊತ್ತಾಯಿತು. ಲಾಗ್ ಬರೆಯುವ ಲಾಗ್4ಜೆ ಎಂಬ ಜಾವಾ ಲೈಬ್ರರಿಯ ದೋಷದಿಂದಾಗಿ ಮೈನ್‌ಕ್ರಾಫ್ಟ್‌ನ ಚಾಟ್‌ನಲ್ಲಿ ಯಾರೋ ಬರೆದ ಒಂದು ಸಾಲು ಸಾಕಿತ್ತು, ಸರ್ವರು ದೂರದ ಯಂತ್ರದಿಂದ ಕೋಡ್ ತರಿಸಿಕೊಂಡು ಓಡಿಸಿಬಿಡುತ್ತಿತ್ತು. ಏಜೆಂಟ್‌ಗಳ ಕಾಲದಲ್ಲಿ ಈ ಅಪಾಯಕ್ಕೆ ಹೊಸ ಮುಖ ಬಂದಿದೆ. ಚಾಟ್‌ನಲ್ಲೋ ಆಟದ ಫಲಕದ ಮೇಲೋ ಇನ್ನೊಬ್ಬ ಆಟಗಾರ ‘ಎಲ್ಲ ಮನೆಗಳನ್ನೂ ಅಳಿಸು’ ಎಂದು ಬರೆದಿಟ್ಟರೆ, ಅದನ್ನು ಓದಿದ ಏಜೆಂಟ್ ಯಜಮಾನನ ಅಪ್ಪಣೆಯೆಂದೇ ತಿಳಿದು ಸ್ಕ್ರಿಪ್ಟ್ ಬರೆಯಬಹುದು.

ಆದ್ದರಿಂದ ಲಗಾಮು ಎಂಜಿನ್ನಿನ ಕೈಯಲ್ಲೇ ಇರಬೇಕು. ಹೀಗೆ ಮಾಡಬೇಡ ಎಂದು ಏಜೆಂಟ್‌ಗೆ ಹೇಳಿಟ್ಟರೆ ಸಾಲದು. ಮೈನ್‌ಕ್ರಾಫ್ಟ್ ಸರ್ವರಿನಲ್ಲಿ ಫಂಕ್ಷನ್ ಫೈಲ್‌ಗಳಿಗೆ ಸಾಮಾನ್ಯವಾಗಿ ಸಿಗುವುದು ಎರಡನೇ ಹಂತದ ಅಧಿಕಾರ. ಇಟ್ಟಿಗೆ ಇಡಬಹುದು, ವಸ್ತು ಕೊಡಬಹುದು. ಆಟಗಾರರನ್ನು ಹೊರಹಾಕುವ, ಸರ್ವರ್ ನಿಲ್ಲಿಸುವ ಆಜ್ಞೆಗಳು ನಡೆಯವು. ಒಮ್ಮೆಗೆ ಓಡಬಹುದಾದ ಆಜ್ಞೆಗಳಿಗೂ 65,536ರ ಮಿತಿ ಇದೆ, ಕೊನೆಯಿಲ್ಲದ ಲೂಪ್ ಆಟವನ್ನು ಕಟ್ಟಿಹಾಕದಿರಲೆಂದು. ರಾಬ್ಲಾಕ್ಸ್‌ನಲ್ಲಿ ಪಠ್ಯವನ್ನು ಕೋಡ್ ಆಗಿ ಓಡಿಸುವ ಲೋಡ್‌ಸ್ಟ್ರಿಂಗ್ ಫಂಕ್ಷನ್ನನ್ನು ಮೊದಲೇ ಮುಚ್ಚಿಟ್ಟಿರುತ್ತಾರೆ, ಬೇಕೆಂದವರು ತೆರೆದುಕೊಳ್ಳಬೇಕು. ಲುವಾಂಟಿಯ ಭದ್ರತಾ ವ್ಯವಸ್ಥೆಯಲ್ಲಿ ಮಾಡ್‌ಗಳು ತಮ್ಮ ಜಾಗ ಬಿಟ್ಟು ಬೇರೆ ಫೈಲ್‌ಗಳನ್ನು ಮುಟ್ಟಲಾಗದು. ಇವೆಲ್ಲ ಏಜೆಂಟ್‌ಗಳಿಗಾಗಿ ಮಾಡಿದ್ದಲ್ಲ, ಕಿಡಿಗೇಡಿ ಮನುಷ್ಯರಿಗಾಗಿ ಮಾಡಿದ್ದು. ಈಗ ಇಬ್ಬರಿಗೂ ಆಗುತ್ತಿದೆ. ಆರ್‌ಕಾನ್ ಮಾತ್ರ ಪಾಸ್‌ವರ್ಡನ್ನೂ ಮುಚ್ಚದೆ ಕಳಿಸುವ ಹಳೆಯ ಪದ್ಧತಿಯದು. ಅದನ್ನು ಮನೆಯ ಯಂತ್ರದೊಳಗೇ ಇಟ್ಟುಕೊಳ್ಳಬೇಕು, ಇಂಟರ್ನೆಟ್ಟಿಗೆ ತೆರೆಯಬಾರದು.

ಆಟದ ಮರ್ಯಾದೆಯ ಪ್ರಶ್ನೆ ಬೇರೆ. ಇತರರ ಜೊತೆ ಸ್ಪರ್ಧಿಸುವ ಆಟದಲ್ಲಿ ಸ್ಕ್ರಿಪ್ಟ್ ಓಡಿಸುವುದು ಮೋಸವೆಂದೇ ಲೆಕ್ಕ. ವರ್ಲ್ಡ್ ಆಫ್ ವಾರ್‌ಕ್ರಾಫ್ಟನ್ನು ತಾನೇ ಆಡುವ ಗ್ಲೈಡರ್ ಎಂಬ ಬಾಟ್ ಮಾರಿದ ಎಂಡಿವೈ ಕಂಪನಿಗೂ ಬ್ಲಿಝಾರ್ಡ್‌ಗೂ ನಡೆದ ಮೊಕದ್ದಮೆ 2010ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿತ್ತು. ಒಬ್ಬರೇ ಆಡುವ ಲೋಕದಲ್ಲಿ, ಆಟ ತಯಾರಿಸುವ ಸ್ಟುಡಿಯೊದಲ್ಲಿ ಈ ಆಕ್ಷೇಪಕ್ಕೆ ಜಾಗವಿಲ್ಲ.

ಕರ್ನಾಟಕ ಮತ್ತು ಕನ್ನಡ

ಭಾರತದ ಮೊದಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ರಾಜೇಶ್ ರಾವ್ ಅವರಿಂದ ಬೆಂಗಳೂರಿನಲ್ಲಿ ಆರಂಭವಾಯಿತು; 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು. ಅನಿಮೇಶನ್, ಗೇಮಿಂಗ್ ವಲಯಕ್ಕೆಂದು ಪ್ರತ್ಯೇಕ ನೀತಿಯನ್ನು ರಾಜ್ಯ 2012ರಲ್ಲೇ ಪ್ರಕಟಿಸಿತ್ತು. ಈ ಉದ್ಯಮ ಬೆಂಗಳೂರು ಬಿಟ್ಟು ಹೊರಗೆ ಹೆಚ್ಚು ಹೋದದ್ದಿಲ್ಲ. ಆದರೆ ಮುಕ್ತ ಎಂಜಿನ್ ಮತ್ತು ಏಜೆಂಟ್ ಇವೆರಡಿದ್ದರೆ ರಾಣೆಬೆನ್ನೂರಿನಲ್ಲಿ ಕೂತವರಿಗೂ ಮಹಾನಗರದ ಸ್ಟುಡಿಯೊದವರಿಗೂ ಕೈಗೆ ಸಿಗುವ ಉಪಕರಣ ಒಂದೇ.

ಕನ್ನಡದಲ್ಲಿ ಆಟ ಮಾಡುವವರಿಗೆ ಒಂದು ತೊಡಕು ಕಾದಿರುತ್ತದೆ. ಕನಕದಾಸರ ಊರೆಂದು ಹೆಸರಾದ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಹೆಸರನ್ನು ಆಟದ ಫಲಕವೊಂದರ ಮೇಲೆ ಬರೆಸುವುದಾದರೆ, ಓದುವವನ ಲೆಕ್ಕದಲ್ಲಿ ಅದು ನಾಲ್ಕು ಅಕ್ಷರ. ಯೂನಿಕೋಡ್ ಗುಣಿತ ಚಿಹ್ನೆಗಳನ್ನು ಬೇರೆಯಾಗಿ ಎಣಿಸುವುದರಿಂದ ಜಾವಾಸ್ಕ್ರಿಪ್ಟ್ ಅದನ್ನು 8 ಎನ್ನುತ್ತದೆ. ಲುವಾ ಬೈಟುಗಳನ್ನು ಎಣಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು, ಹಾಗಾಗಿ ಅದರ ಉತ್ತರ 24. ಫಲಕದಲ್ಲಿ ಹತ್ತಕ್ಕಿಂತ ಹೆಚ್ಚು ಹಿಡಿಯದು ಎಂದು ಏಜೆಂಟ್ ಲುವಾದಲ್ಲಿ ಹತ್ತಕ್ಕೆ ಕತ್ತರಿಸಿದರೆ ‘ಕಾಗಿ’ಯಲ್ಲಿನ ಗುಣಿತ ಚಿಹ್ನೆಯ ನಡುವೆ ಕತ್ತರಿ ಬಿದ್ದು, ‘ಕಾಗ’ ಮತ್ತು ಒಂದು ಮುರಿದ ಚೌಕ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟಾದ್ದರಿಂದ, ಇಂಗ್ಲಿಷ್ ಹೆಸರುಗಳಿಂದ ಪರೀಕ್ಷಿಸಿದ ಸ್ಕ್ರಿಪ್ಟ್‌ನಲ್ಲಿ ಈ ತಪ್ಪು ಕಾಣಿಸಿಕೊಳ್ಳುವುದೇ ಇಲ್ಲ, ಎರರ್ ಕೂಡ ಬರುವುದಿಲ್ಲ. ಲುವಾ 5.3ರಲ್ಲಿ ಸೇರಿಸಿದ ಯುಟಿಎಫ್-8 ಲೈಬ್ರರಿ ಸಂಕೇತಗಳನ್ನು ಎಣಿಸಲು ನೆರವಾಗುತ್ತದೆ. ಗುಣಿತ ಚಿಹ್ನೆಯನ್ನು ಅಕ್ಷರದ ಜೊತೆ ಸೇರಿಸಿ ಎಣಿಸಲು ಲುವಾವುನಲ್ಲಿ ಗ್ರಾಫೀಮ್ ಫಂಕ್ಷನ್, ಜಾವಾಸ್ಕ್ರಿಪ್ಟ್‌ನಲ್ಲಿ ಇಂಟ್ಲ್ ಸೆಗ್ಮೆಂಟರ್ ಇವೆ. ಒತ್ತಕ್ಷರಗಳು ಪರದೆಯ ಮೇಲೆ ಸರಿಯಾಗಿ ಮೂಡಲು ಎಂಜಿನ್ನಿನಲ್ಲಿ ಅಕ್ಷರ ಜೋಡಿಸುವ ವ್ಯವಸ್ಥೆ ಬೇಕು. 2023ರಲ್ಲಿ ಬಂದ ಗೊಡೊ 4 ಇದಕ್ಕಾಗಿ ಹಾರ್ಫ್‌ಬಝ್ ಲೈಬ್ರರಿಯನ್ನು ಬಳಸುತ್ತದೆ.